ಜಾಝ್ ತಂಡದಲ್ಲಿ ಯಾರು ಎಲ್ಲಿಂದ ಬಂದವರು?

ಜಾಝ್ ನುಡಿಸೋರು ಮೊದಲು ಎಲ್ಲಿ ಕೈ ಪಳಗಿಸಿದ್ದು ಅನ್ನೋದು ಎರಡೇ ಹಾಡಲ್ಲಿ ಗೊತ್ತಾಗಿಬಿಡುತ್ತೆ. ರಾಕ್‌ನಿಂದ ಬಂದ ಗಿಟಾರಿಸ್ಟ್ ಆರೂ ತಂತಿ ಮೀಟಿ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ನುಡಿಸ್ತಾರೆ, ಕೆಳಗಿನ ಸ್ವರ ತಗ್ಗಿನ ಸ್ವರಗಳ ವಾದ್ಯವಾದ ಬಾಸ್‌ಗೆ ಡಿಕ್ಕಿ ಹೊಡೆದು ಎಲ್ಲಾ ಕಲಸುಮೇಲೋಗರ. ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ, ಎರಡೇ ಸಾಕಿತ್ತು! ಮಿಲಿಟರಿ ಬ್ಯಾಂಡಿನ ಟ್ರಂಪೆಟ್‌ನವರು ನೊಟೇಶನ್ ಓದೋದರಲ್ಲಿ ಎತ್ತಿದ ಕೈ. ಆದ್ರೆ ಹಾಳೆ ತೆಗೆದುಬಿಟ್ರೆ, ಎಎಬಿಎ ಕಟ್ಟಿನ (ಎ ಭಾಗ ಎರಡು ಸಲ, ಬೇರೆ ಧಾಟಿಯ ಬಿ, ಮತ್ತೆ ಎ) 32 ಬಾರ್‌ಗಳ (ತಾಳದ ಆವರ್ತಗಳ) ಹಾಡಲ್ಲಿ 17ನೇ ಬಾರ್‌ಗೆ ಬರೋ ಬ್ರಿಜ್, ಅಂದ್ರೆ ಆ ಬಿ ಭಾಗ, ಕೈತಪ್ಪುತ್ತೆ. ಚರ್ಚ್‌ನಲ್ಲಿ ಪಳಗಿದ ಪಿಯಾನೊದವರಿಗೆ ಆ ಗೋಳು ಕಡಿಮೆ, ಹಾಡೋರು ಶ್ರುತಿ ಬದಲಿಸಿದ್ರೂ ಬೆರಳು ಹಿಂದೆಯೇ ಹೋಗುತ್ತೆ.

ಹೊಟ್ಟೆಪಾಡು ಮಾತ್ರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: ಹಗಲು ಪಾಠ, ವಾರಾಂತ್ಯ ಮದುವೆ ಕಾರ್ಯಕ್ರಮ. ಜಾಝ್‌ಗೆ ಉಳಿಯೋದು ವಾರದ ನಡುವಿನ ರಾತ್ರಿ. ಅದರಲ್ಲೂ ಒಳ್ಳೆ ಬಾಸ್‌ನವರಿಗೆ ಪುರುಸೊತ್ತೇ ಇರಲ್ಲ, ನಾಲ್ಕು ತಂಡಕ್ಕೆ ಒಬ್ಬರೇ.