ಪಿ.ಡಿ. ಸಾರ್ ಕೊಟ್ಟ ಸೀಟುಗಳು

ಆಗೆಲ್ಲ ನಮ್ಮ ಕಾಲೇಜಿನಲ್ಲಿ ಫುಟ್‌ಬಾಲ್ ಕೋಟಾದ ಸೀಟು ಯಾರಿಗೆ ಎಂಬುದನ್ನು ಪ್ರಿನ್ಸಿಪಾಲರು ತೀರ್ಮಾನಿಸುತ್ತಿರಲಿಲ್ಲ. ಪಿ.ಡಿ. ಸಾರ್, ಅಂದರೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಒಂದು ಚೀಟಿ ಬರೆದು ಕಳಿಸಿದರೆ ಆಫೀಸಿನವರು ಫೀಸು ಕೇಳದೆ ಹೆಸರು ಬರೆದುಕೊಳ್ಳುತ್ತಿದ್ದರು. ಸಾರ್ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಬಿ.ಕಾಂ.ನಲ್ಲಿ ಓದಿದ ಕಾಸ್ಟಿಂಗ್ ಒಂದಕ್ಷರವೂ ನನಗೆ ನೆನಪಿಲ್ಲ (ಬ್ಯಾಂಕಿನಲ್ಲಿ ಚೀಫ್ ಮ್ಯಾನೇಜರ್ ಆಗುವುದಕ್ಕೆ ಅದೇನೂ ಅಡ್ಡ ಬರಲಿಲ್ಲ). ಆದರೆ ಸಾರ್ ಅವರ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ನೇತಾಡುತ್ತಿದ್ದ ಸೀಟಿ, ಕಂಟೋನ್ಮೆಂಟ್ ಕಡೆಯ ಹುಡುಗರ ಜೊತೆ ಆಡುತ್ತಿದ್ದ ಮುರುಕು ತಮಿಳು ಕಣ್ಣಿಗೆ ಕಟ್ಟಿದಂತಿವೆ.

ಟ್ರಯಲ್ಸ್‌ನಲ್ಲಿ ಅವರು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಚೆಂಡು ಕಳೆದುಕೊಂಡ ಹುಡುಗ ಮುಂದಿನ ಗಳಿಗೆಯಲ್ಲಿ ಏನು ಮಾಡುತ್ತಾನೆ ಎಂದು ನೋಡುತ್ತಿದ್ದರು. ತಿರುಗಿ ಓಡಿದನೋ, ಸೊಂಟದ ಮೇಲೆ ಕೈ ಇಟ್ಟು ನಿಂತನೋ. ನಿಂತವನ ಹೆಸರಿನ ಮುಂದೆ ಒಂದು ಅಡ್ಡಗೆರೆ. ಕೋಲಾರದ ಕಡೆಯಿಂದ ಬಂದ ಗಿಡ್ಡನೆಯ ಹುಡುಗನೊಬ್ಬ ತುದಿಬೆರಳಿನಲ್ಲೇ ಚೆಂಡು ಒದೆಯುತ್ತಿದ್ದ, ನಾವೆಲ್ಲ ನಕ್ಕಿದ್ದೆವು. ಅವನಿಗೆ ಸೀಟು ಕೊಟ್ಟರು. ಎರಡೇ ವರ್ಷದಲ್ಲಿ ಅವನು ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ತಂಡದ ಆಟಗಾರ.

1986ರ ಜೂನ್ 29, ಮೆಕ್ಸಿಕೊದ ವಿಶ್ವಕಪ್ ಫೈನಲ್. ನಮ್ಮ ಕಾಲಮಾನದಲ್ಲಿ ರಾತ್ರಿ ಹನ್ನೊಂದೂವರೆಗೆ ಆಟ ಶುರು, ಹಾಸ್ಟೆಲ್ ಟಿ.ವಿ. ರೂಮಿಗೆ ಒಂಬತ್ತಕ್ಕೇ ಬೀಗ. ಬೀಗ ಮುಟ್ಟಬಾರದೆಂದು ವಾರ್ಡನ್ ಹೇಳಿದ್ದರು, ನಾವು ಮುಟ್ಟಲಿಲ್ಲ. ಬಾಗಿಲಿನ ಕೀಲುಗಳ ಸ್ಕ್ರೂ ಬಿಚ್ಚಿ, ಬೀಗದ ಸಮೇತ ಬಾಗಿಲನ್ನೇ ಗೋಡೆಗೆ ಒರಗಿಸಿದೆವು. ಸೌಂಡ್ ಪೂರ್ತಿ ಇಳಿಸಿ, ಕಂಬಳಿ ಹೊದ್ದುಕೊಂಡು ಮರಡೋನಾನನ್ನು ನೋಡಿದೆವು. ಜರ್ಮನಿಯವರು ಎರಡು ಗೋಲು ಹಿಂದಿದ್ದು ಸಮ ಮಾಡಿದಾಗ ಯಾರೋ ಅತ್ತರು. 84ನೇ ನಿಮಿಷಕ್ಕೆ ಬುರುಚಾಗ ಗೋಲು ಹೊಡೆದಾಗ ಮಾತ್ರ ಇಡೀ ಹಾಸ್ಟೆಲ್ ಎದ್ದು ಕೂತಿತು.

ಬೆಳಿಗ್ಗೆ ಆರಕ್ಕೆ ಗ್ರೌಂಡಿನಲ್ಲಿ ಸಾರ್ ನಮ್ಮ ಕೆಂಪು ಕಣ್ಣುಗಳನ್ನೇ ನೋಡುತ್ತ ನಿಂತರು. ಯಾಕೆ ಅಂತ ಕೇಳಲಿಲ್ಲ, ಸೀಟಿ ಊದಿ ಓಡಿಸಿದರು. ನಾಲಿಗೆ ಹೊರಬಂದ ಮೇಲೆ ಕೇಳಿದರು: "ಮರಡೋನಾ ಪಾಸು ಕೊಟ್ಟಿದ್ದು ನೋಡಿದ್ರಿ. ಆ ಬುರುಚಾಗ ಎಲ್ಲಿಂದ ಓಡ್ಕೊಂಡು ಬಂದ, ಅದನ್ ನೋಡಿದ್ರೇನ್ರೋ?" ಅವರ ಕಣ್ಣೂ ಕೆಂಪಗಿತ್ತು. ಬಾಗಿಲಿನ ವಿಷಯ ಕೊನೆಯವರೆಗೂ ವಾರ್ಡನ್ ಕಿವಿಗೆ ಬೀಳಲಿಲ್ಲ.

ಆದರೆ ಅವರ ಅಡ್ಡಗೆರೆ ಯಾವಾಗಲೂ ಸರಿಯಿರುತ್ತಿತ್ತು ಎಂದು ನಾನು ಹೇಳಲಾರೆ. ಅದೇ ವರ್ಷ ಗೌತಮಪುರದಿಂದ ಲೆಫ್ಟ್ ವಿಂಗ್ ಆಡುವ ಹುಡುಗನೊಬ್ಬ ಬಂದಿದ್ದ. ಮೂವರನ್ನು ದಾಟಿ ಹೋಗುವುದು ಅವನಿಗೆ ಮಾತೇ ಅಲ್ಲ. ಟ್ರಯಲ್ಸ್‌ಗೆ ತಡವಾಗಿ ಬಂದ, ಅರ್ಧ ಗಂಟೆ ಮೆರೆದ, ಆಮೇಲೆ ಕೈ ಸೊಂಟಕ್ಕೆ ಹೋಯಿತು. "ಕಾಲಿದೆ, ಗುಂಡಿಗೆ ಇಲ್ಲ" ಅಂದರು ಸಾರ್. ಕ್ಯಾಪ್ಟನ್ ಆಗಿದ್ದ ನಾನು ಅವನ ಮನೆ ಹುಡುಕಿಕೊಂಡು ಹೋದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಮನೆಗೆ ಹಾಲು ಹಾಕಿ, ಬರೀ ಹೊಟ್ಟೆಯಲ್ಲಿ ಗ್ರೌಂಡಿಗೆ ಬರುತ್ತಿದ್ದ. ಗುಂಡಿಗೆಗೆ ಏನೂ ಆಗಿರಲಿಲ್ಲ, ಹೊಟ್ಟೆ ಖಾಲಿಯಿತ್ತು.

ವಿಷಯ ಕೇಳಿ ಸಾರ್ ಏನೂ ಅನ್ನಲಿಲ್ಲ. ಮರುದಿನ ನೋಟಿಸ್ ಬೋರ್ಡಿನಲ್ಲಿ ಇನ್ನೊಂದು ಟ್ರಯಲ್ಸ್, ಸಂಜೆ ಐದಕ್ಕೆ. ಹುಡುಗ ಕತ್ತಲಾಗುವವರೆಗೆ ಓಡಿದ. ಇಂಟರ್ ಕಾಲೇಜಿಯೇಟ್ ಫೈನಲ್‌ನಲ್ಲಿ ಅವನು ಎತ್ತಿಕೊಟ್ಟ ಚೆಂಡಿಗೆ ನಾನು ಹೊಡೆದ ಹೆಡರ್ ಬಗ್ಗೆ ಈಗಲೂ ಮಾತಾಡುವವರಿದ್ದಾರೆ, ಹೆಚ್ಚಾಗಿ ನಾನೇ.

ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಲ್ಲಿನ ಕಾಲೇಜು ಫುಟ್‌ಬಾಲ್ ನೋಡಿದೆ. ಹೆಲ್ಮೆಟ್ ಹಾಕಿಕೊಂಡು ಆಡುವ ಬೇರೆಯೇ ಆಟ. ಹೈಸ್ಕೂಲು ಹುಡುಗರಿಗೇ ಐದು ಸ್ಟಾರ್, ನಾಲ್ಕು ಸ್ಟಾರ್ ಎಂದು ಬೆಲೆ ಕಟ್ಟುತ್ತಾರೆ. ಸ್ಕಾಲರ್‌ಶಿಪ್ ಇಲ್ಲದೆ ಸೇರಿ ಬೆವರು ಸುರಿಸುವವರು ವಾಕ್-ಆನ್‌ಗಳು. ಕ್ಲೆಮ್ಸನ್ ತಂಡದ ಹಂಟರ್ ರೆನ್‌ಫ್ರೋ ಹಾಗೆ ಸೇರಿದವನು. 2017ರ ಜನವರಿಯ ಫೈನಲ್‌ನಲ್ಲಿ ಇನ್ನೊಂದು ಸೆಕೆಂಡ್ ಉಳಿದಿರುವಾಗ ಅಲಬಾಮಾ ವಿರುದ್ಧ ಗೆಲುವಿನ ಚೆಂಡು ಹಿಡಿದ. ಫೋನಿನಲ್ಲಿ ಹೇಳಿದರೆ ಸಾರ್ ಕೇಳಿದ್ದು ಒಂದೇ: "ಊಟ ಯಾರು ಹಾಕ್ತಿದ್ರಂತೆ ಅವನಿಗೆ?"

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಮೈಸೂರು ತಂಡವಾಗಿ ಗೆದ್ದು 54 ವರ್ಷ ಆಗಿತ್ತು. 1968, 69ರ ಆ ಗೆಲುವುಗಳ ಕಥೆಯನ್ನು ಸಾರ್ ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು. ಖುಷಿಯಲ್ಲಿ ನಾನೇ ಫೋನ್ ಮಾಡಿದೆ. "ಇವರಲ್ಲಿ ಡಿಗ್ರಿ ಮುಗಿಸಿದೋರು ಎಷ್ಟ್ ಜನನೋ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಕೋಟಾ ಸೀಟಿಗೆ ಸರ್ಟಿಫಿಕೇಟುಗಳ ಫೈಲು ತರುತ್ತಾರೆ, ಮೊಬೈಲಿನಲ್ಲಿ ಗೋಲುಗಳ ವಿಡಿಯೋ ತೋರಿಸುತ್ತಾರೆ. ಕಳೆದುಕೊಂಡ ಚೆಂಡಿನ ವಿಡಿಯೋ ಯಾರು ಮಾಡುತ್ತಾರೆ? ನಮ್ಮ ಗ್ರೌಂಡಿನ ಅರ್ಧ ಭಾಗ ಪಾರ್ಕಿಂಗ್ ಆಗಿದೆ ಎಂದೂ ಕೇಳಿದೆ. ಆಡಳಿತ ಮಂಡಳಿಯವರು ಬೇಜಾರು ಮಾಡಿಕೊಳ್ಳಬಾರದು.

ಸಾರ್ ಹೆಸರಿನಲ್ಲಿ ಇಬ್ಬರು ಆಟಗಾರರ ಫೀಸು, ಹಾಸ್ಟೆಲ್ ಖರ್ಚು ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಿರ್ಧರಿಸಿದ್ದೇವೆ. ಆಯ್ಕೆ ಸಮಿತಿಗೆ ನನ್ನನ್ನೂ ಹಾಕಿದ್ದಾರೆ, ಹಾಕದಿದ್ದರೆ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಟ್ರಯಲ್ಸ್ ಸಂಜೆ ಐದಕ್ಕೇ ಇರಬೇಕು, ಅದಕ್ಕೆ ಮೊದಲು ಹುಡುಗರಿಗೆಲ್ಲ ಬಾಳೆಹಣ್ಣು, ಮೊಟ್ಟೆ ಕೊಡಬೇಕು ಎಂದು ಬರೆದು ಕೊಟ್ಟಿದ್ದೇನೆ. ಮೊಟ್ಟೆಯ ವಿಷಯದಲ್ಲಿ ಸಮಿತಿಯಲ್ಲಿ ಇನ್ನೂ ಚರ್ಚೆ ನಡೆದಿದೆ.