ಮಂಗಮ್ಮನ ಮಖಮಲ್ ಜಾಕೀಟು

ಕಳೆದ ಭಾನುವಾರ ಹನುಮಂತನಗರದ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಮೊಸರಿನ ಮಂಗಮ್ಮ’ ಕತೆಯನ್ನು ಪಕ್ಕಕ್ಕಿಟ್ಟು, ‘ಮಂಗಮ್ಮನ ಪಾತ್ರವನ್ನು ಚಿತ್ರಿಸಿ’ ಎಂಬ ಪ್ರಶ್ನೆಗೆ ಗೈಡಿನಲ್ಲಿದ್ದ ಉತ್ತರವನ್ನು ಉರು ಹೊಡೆಯುತ್ತಿದ್ದಳು. ಮುಗ್ಧೆ, ಸ್ವಾಭಿಮಾನಿ, ಮಮತಾಮಯಿ. ಈ ಮೂರು ಮಾತುಗಳನ್ನು ಯಾವ ಕತೆಯ ಯಾವ ಅಜ್ಜಿಗೆ ಬೇಕಾದರೂ ಅಂಟಿಸಬಹುದು ಎಂದು ಅವಳಿಗೆ ಹೇಳಿ, ಗೈಡನ್ನು ಮುಚ್ಚಿಸಿ, ಕತೆಯನ್ನು ಮೊದಲಿನಿಂದ ಓದಲು ಕುಳಿತೆವು.

ಆರಂಭದಲ್ಲೇ ಅವಳು ತಡೆದು ನಿಂತಳು. ಮಂಗಮ್ಮ ‘ವರ್ತನೆ’ಯಾಗಿ ಮೊಸರು ಹಾಕುವವಳು, ಆದರೆ ನನ್ನ ಹುಡುಗಿಗೆ ವರ್ತನೆ ಎಂದರೆ ನಡತೆ ಮಾತ್ರ. ಒಂದೇ ಮನೆಗೆ ದಿನವೂ ತಪ್ಪದೆ ಹಾಲು, ಮೊಸರು, ಹೂವು ಕೊಡುವ ವಾಡಿಕೆಗೂ ಬೆಂಗಳೂರಿನಲ್ಲಿ ಅದೇ ಹೆಸರಿತ್ತು ಎಂಬುದು, ಪೊಟ್ಟಣದ ಮೊಸರಿನ ಕಾಲದವಳಿಗೆ ಹೇಗೆ ಗೊತ್ತಾಗಬೇಕು? ಕತೆಗೆ ಈ ಮಾತು ಮುಖ್ಯ. ವರ್ತನೆಯ ನಂಟಿರುವುದರಿಂದಲೇ ಮೊಸರು ಅಳೆದು ಕೊಟ್ಟ ಮೇಲೂ ಮಂಗಮ್ಮ ಒಂದು ಗಳಿಗೆ ಕುಳಿತು ಮನೆಯೊಡತಿಯ ಮುಂದೆ ತನ್ನ ಸಂಸಾರದ ಕತೆ ಹೇಳಿಕೊಳ್ಳುತ್ತಾಳೆ, ಮತ್ತು ನಮಗೆ ಅವಳ ಬದುಕು ತಿಳಿಯುವುದು ಬಹುಮಟ್ಟಿಗೆ ಆ ಮಾತುಗಳಿಂದಲೇ.

ಮೊಮ್ಮಗನನ್ನು ಸೊಸೆ ಹೊಡೆದದ್ದರಿಂದ ಜಗಳವಾಗಿ ಮಂಗಮ್ಮ ಬೇರೆಯಾಗುತ್ತಾಳೆ. ಆಮೇಲೆ ತನಗಾಗಿ ಒಂದು ಮಖಮಲ್ ಜಾಕೀಟು, ಅಂದರೆ ರವಿಕೆ, ಮಾಡಿಸಿಕೊಳ್ಳುತ್ತಾಳೆ. ಕಾಲೇಜಿನಲ್ಲಿ ಓದಿದಾಗ ನಾನು ಇದನ್ನು ಮುದುಕಿಯ ಹುಚ್ಚಾಟವೆಂದು ನಕ್ಕು ಮುಂದೆ ಹೋಗಿದ್ದೆ. ಅದಕ್ಕೂ ಮುನ್ನ ಅವಳು ಮನೆಯೊಡತಿಗೆ ಹೇಳಿದ ಇನ್ನೊಂದು ಸಂಗತಿ ಆಗ ನನ್ನ ನೆನಪಿನಲ್ಲಿ ನಿಂತಿರಲಿಲ್ಲ: ಅವಳ ಗಂಡ ಬೇರೊಬ್ಬಳ ಹಿಂದೆ ಹೋಗಿದ್ದವನು, ಅದಕ್ಕಾಗಿಯೇ ಅವಳು ಈ ಎಳೆಯ ಗೃಹಿಣಿಗೆ ಚೆನ್ನಾಗಿ ಉಟ್ಟುಕೊಂಡು ಗಂಡನನ್ನು ಹಿಡಿತದಲ್ಲಿಟ್ಟುಕೋ ಎಂದು ಬುದ್ಧಿ ಹೇಳುವುದು. ಎರಡನ್ನೂ ಕೂಡಿಸಿ ಓದಿದರೆ ಜಾಕೀಟಿನ ತೂಕವೇ ಬದಲಾಗುತ್ತದೆ. ಅದು ಸೊಸೆಯ ಮೇಲಿನ ಹಟವೂ ಹೌದು, ಇನ್ನು ಯಾರಿಗಾಗಿ ಕೂಡಿಡಲಿ ಎಂಬ ಬೇಸರವೂ ಹೌದು, ಹರೆಯದಲ್ಲಿ ತೊಡದೆ ಹೋದದ್ದನ್ನು ತಡವಾಗಿ ತೊಟ್ಟುಕೊಂಡ ಆಸೆಯೂ ಇರಬಹುದು. ಮಖಮಲ್ ಇದರಲ್ಲಿ ಯಾವುದರ ಸಂಕೇತ ಎಂದು ಒಂದನ್ನೇ ಆರಿಸಲು ಹೊರಟರೆ ಉಳಿದೆರಡು ಕೈತಪ್ಪುತ್ತವೆ.

ಇದೇ ಕತೆಯ ಕಾಗೆಯ ರೀತಿ ಬೇರೆ. ಕಾಗೆ ಮುಟ್ಟಿದರೆ ಅಪಶಕುನ ಎಂಬ ಅರ್ಥ ಕತೆಗಿಂತ ಹಳೆಯದು. ಅದನ್ನು ನಾವು ಮನೆಯಿಂದಲೇ ತಂದಿರುತ್ತೇವೆ. ಹಾಗಾಗಿ ಅಲ್ಲಿ ನೋಡಬೇಕಾದದ್ದು ಕಾಗೆಯನ್ನಲ್ಲ, ಕಾಗೆ ಮುಟ್ಟಿತೆಂದು ಹೇಳುವಾಗಿನ ಮಂಗಮ್ಮನನ್ನು: ಮನೆ ಬಿಟ್ಟು ಬಂದ ಗಟ್ಟಿಗಿತ್ತಿಗೆ ಒಂಟಿತನ ಎಷ್ಟು ಭಯ ತಂದಿದೆ ಎಂಬುದು ಅಲ್ಲಿ ಬಾಯಿಗೆ ಬರುತ್ತದೆ. ಒಂದು ವಸ್ತು ಕತೆಯೊಳಗೇ ಅರ್ಥ ಗಳಿಸುತ್ತದೆಯೋ, ಹೊರಗಿನಿಂದ ಹೊತ್ತು ತರುತ್ತದೆಯೋ ಎಂದು ಕೇಳಿಕೊಳ್ಳುವುದು, ಪ್ರತಿಮೆಗಳನ್ನು ಪಟ್ಟಿ ಮಾಡುವುದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಒಂದು ತಕರಾರೂ ಇದೆ. ಕೊನೆಯಲ್ಲಿ ನಿರೂಪಕಿ, ಅಂದರೆ ಆ ಮನೆಯೊಡತಿಯೇ, ಈ ಜಗಳವನ್ನು ತಾಯಿ ಮತ್ತು ಹೆಂಡತಿಯರ ಹಿಡಿತದ ಪೈಪೋಟಿಯೆಂದು ಬಿಡಿಸಿ ಹೇಳುವುದು ನನಗೆ ಹೆಚ್ಚೆನಿಸುತ್ತದೆ. 1983ರ ಜ್ಞಾನಪೀಠ ಪಡೆದವರ, ಅದೂ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಗವಿಪುರದಲ್ಲಿ ಬಾಳಿದವರ ತಪ್ಪು ಹುಡುಕಲು ನಾನ್ಯಾರು ಎಂಬ ಅಳುಕಿದ್ದರೂ, ಜಾಕೀಟು ಹೇಳಿದ್ದರ ಅರ್ಧವನ್ನೂ ಆ ವಿವರಣೆ ಹೇಳುವುದಿಲ್ಲ ಎಂದೇ ನನ್ನ ಅನಿಸಿಕೆ.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಗೈಡಿನಲ್ಲಿ ‘ಮುಗ್ಧೆ’ ಎಂಬುದನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಅದರ ಪಕ್ಕ ‘ಜಾಕೀಟು’ ಎಂದು ಬರೆದುಕೊಂಡಳು. ಉಳಿದೆರಡು ಮಾತುಗಳನ್ನು ಮಾತ್ರ ಹಾಗೆಯೇ ಬಿಟ್ಟಳು. ಏಕೆಂದು ಕೇಳಿದ್ದಕ್ಕೆ, ‘ಅಂಕ ಕೊಡುವವರು ನೀವಲ್ಲವಲ್ಲ, ದೊಡ್ಡಮ್ಮ’ ಎಂದಳು.