ಗಡ್ಡೆ ಬೆಳೆದಿದೆ ಎನ್ನುವ ಮೊದಲು ಊಟದ ಲೆಕ್ಕ ಕೇಳಿ

ಮೆದುಳಿನ ಕ್ಯಾನ್ಸರ್ ಇರುವವರ ನಡಿಗೆ ತಪ್ಪಿದರೆ, ಮಾತು ಅಸಂಬದ್ಧವಾದರೆ, ಗಡ್ಡೆ ಬೆಳೆದಿದೆ ಎಂದೇ ಎಲ್ಲರೂ ಹೆದರುತ್ತಾರೆ. ಸ್ಕ್ಯಾನ್ ಆಗಲೇಬೇಕು. ಆದರೆ ಎರಡು ಮೂರು ವಾರದಿಂದ ಹೊಟ್ಟೆಗೆ ಏನು ಹೋಗಿದೆ, ಎಷ್ಟು ವಾಂತಿಯಾಗಿದೆ ಎಂಬುದನ್ನು ಅದೇ ಹೊತ್ತಿಗೆ ಕೇಳಿ ಕೇಸ್ ಶೀಟಿನಲ್ಲಿ ಬರೆಯುವುದು ಡಯಟೀಷಿಯನ್, ನರ್ಸ್ ಇಬ್ಬರ ಕೆಲಸ.

ಥಯಾಮಿನ್, ಅಂದರೆ ವಿಟಮಿನ್ ಬಿ1, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದೆ. ಪಾಲಿಶ್ ಅಕ್ಕಿಯ ಗಂಜಿ, ಎಳನೀರು, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಿದ್ದು ಜೊತೆಗೆ ವಾಂತಿಯೂ ಇದ್ದರೆ ಬೇಗ ಬರಿದಾಗುತ್ತದೆ. ಆಗ ಸುಸ್ತೆಂದು ಬರೀ ಗ್ಲೂಕೋಸ್ ಏರಿಸಿದರೆ, ಆ ಸಕ್ಕರೆಯನ್ನು ಶಕ್ತಿಯಾಗಿಸಲು ಉಳಿದ ಚೂರುಪಾರು ಥಯಾಮಿನ್ ಕೂಡ ಖರ್ಚಾಗಿ ಮೆದುಳಿಗೆ ಹಾನಿ ಮಾಡುವ ವರ್ನಿಕೆ ಕಾಯಿಲೆ ಕಾಣಿಸಿಕೊಳ್ಳಬಹುದು: ಗೊಂದಲ, ಕಣ್ಣುಗುಡ್ಡೆಯ ಅದುರಾಟ, ತೂರಾಡುವ ನಡಿಗೆ. ಮೂರೂ ಒಟ್ಟಿಗೆ ಬರುವುದು ಕಡಿಮೆ, ಬರೀ ಗೊಂದಲವೇ ಇರಬಹುದು. ಅನುಮಾನ ಬಂದರೆ ರಕ್ತದ ವರದಿಗೆ ಕಾಯಬಾರದು. ವೈದ್ಯರು ಸಾಮಾನ್ಯವಾಗಿ 200ರಿಂದ 500 ಮಿ.ಗ್ರಾಂ. ಥಯಾಮಿನ್ ಅನ್ನು ದಿನಕ್ಕೆ 3 ಸಲ ರಕ್ತನಾಳಕ್ಕೇ ಕೊಡಿಸುತ್ತಾರೆ, ಗ್ಲೂಕೋಸಿಗಿಂತ ಮೊದಲು. ಕರುಳು ಅಷ್ಟನ್ನು ಹೀರಿಕೊಳ್ಳದ ಕಾರಣ ಇಲ್ಲಿ ಮಾತ್ರೆ ಸಾಲದು. ತಡವಾದರೆ ನೆನಪಿನ ಶಕ್ತಿ ಮರಳದೇ ಹೋಗಬಹುದು. ನಮಗೆ ಅತಿ ಹೆಚ್ಚು ಆತಂಕ ಕೊಡುವ ಕೊರತೆ ಇದೇ, ಏಕೆಂದರೆ ಇದನ್ನು ತಡೆಯಬಹುದು.

ದುಂಡಗಾದ ಮುಖ, ಏರಿದ ತೂಕ ನೋಡಿ ಮೋಸಹೋಗಬೇಡಿ. ಅದು ಮೆದುಳಿನ ಊತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಪರಿಣಾಮ. ಅದೇ ಔಷಧದಿಂದ ಸಕ್ಕರೆ ಏರಿ ಮೆಟ್‌ಫಾರ್ಮಿನ್ ಶುರುವಾಗುತ್ತದೆ, ಹೊಟ್ಟೆಯುರಿಗೆ ಪ್ಯಾಂಟೊಪ್ರಝೋಲ್ ಸೇರುತ್ತದೆ. ಇವೆರಡೂ ದೀರ್ಘಕಾಲ ನಡೆದರೆ ಬಿ12 ಹೀರಿಕೆ ತಗ್ಗಬಹುದು. ರೋಗಿ ಸಸ್ಯಾಹಾರಿಯಾದರೆ ಮೊದಲೇ ಕಡಿಮೆ ಇದ್ದೀತು. ರಕ್ತದ ಪ್ರತಿ ಮಿ.ಲೀ.ಗೆ ಬಿ12 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಕೊರತೆ ಇದ್ದವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಅನಿಲ ನೈಟ್ರಸ್ ಆಕ್ಸೈಡ್ ಕೊಟ್ಟರೆ ಇರುವ ಬಿ12 ಕೂಡ ನಿಷ್ಕ್ರಿಯವಾಗುತ್ತದೆ, ಆದ್ದರಿಂದ ಈ ವರದಿ ಅರಿವಳಿಕೆ ವೈದ್ಯರ ಕೈಗೂ ಹೋಗಬೇಕು.

ರಕ್ತ ಹೆಚ್ಚಲಿ ಎಂದು ಮನೆಯವರೇ 5 ಮಿ.ಗ್ರಾಂ. ಫೋಲಿಕ್ ಆಸಿಡ್ ತಂದು ಕೊಡುವುದುಂಟು. ಬಿ12 ಕಡಿಮೆ ಇರುವಾಗ ಅದೊಂದನ್ನೇ ಕೊಟ್ಟರೆ ಹಿಮೋಗ್ಲೋಬಿನ್ ಸುಧಾರಿಸುತ್ತದೆ, ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಫಿಟ್ಸ್ ತಡೆಯುವ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಅಪಾಯವಿದೆ: ಫೋಲಿಕ್ ಆಸಿಡ್ ಆ ಔಷಧದ ರಕ್ತಮಟ್ಟ ಇಳಿಸಿ ಫಿಟ್ಸ್ ಮರಳುವಂತೆ ಮಾಡಬಹುದು.

ಫಿಟ್ಸ್ ಔಷಧಗಳಾದ ಫೆನಿಟಾಯಿನ್, ಕಾರ್ಬಮಝೆಪಿನ್, ಫಿನೋಬಾರ್ಬಿಟಾಲ್ ಮೂರೂ ಯಕೃತ್ತಿನಲ್ಲಿ ವಿಟಮಿನ್ ಡಿ ಬೇಗ ಒಡೆಯುವಂತೆ ಮಾಡುತ್ತವೆ. ಫಿಟ್ಸ್‌ಗೇ ಕೊಡುವ ಲೆವೆಟಿರಾಸಿಟಾಮ್‌ನಲ್ಲಿ ಈ ಕಾಟವಿಲ್ಲ. ಸ್ಟೀರಾಯ್ಡ್ ಮೂಳೆಯನ್ನು ಬೇರೆ ಸವೆಸುತ್ತಿರುತ್ತದೆ. ರಕ್ತದ ಪ್ರತಿ ಮಿ.ಲೀ.ಗೆ ವಿಟಮಿನ್ ಡಿ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ 60,000 ಯೂನಿಟ್ಟಿನ ಪೊಟ್ಟಣ ವಾರಕ್ಕೊಂದರಂತೆ 8 ವಾರ ಬರೆಯುತ್ತಾರೆ. ತಪ್ಪಾಗುವುದು ಇಲ್ಲೇ: ದಿನಕ್ಕೊಂದು ಎಂದುಕೊಂಡು ಕುಡಿಸಿದರೆ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಪರು ಬರುತ್ತವೆ, ಮತ್ತೆ ಗಡ್ಡೆಯ ಮೇಲೇ ಅನುಮಾನ. ಡಿಸ್ಚಾರ್ಜ್ ದಿನ ಪ್ರತಿ ಪೊಟ್ಟಣದ ಮೇಲೂ "ಭಾನುವಾರ" ಎಂದು ತಾರೀಖಿನ ಸಮೇತ ಬರೆದುಕೊಡಿ. ಊಟವಾದ ಮೇಲೆ ಹಾಲಿನಲ್ಲಿ ಕಲಸಿ ಕುಡಿದರೆ ಚೆನ್ನಾಗಿ ಹಿಡಿಯುತ್ತದೆ.

ಮೆದುಳಿನ ಲಿಂಫೋಮಾ ಎಂಬ ಕ್ಯಾನ್ಸರಿಗೆ ಹೆಚ್ಚಿನ ಪ್ರಮಾಣದ ಮೆಥೋಟ್ರೆಕ್ಸೇಟ್ ಎಂಬ ಕೀಮೋ ಔಷಧ ಪಡೆಯುವವರ ನಿಯಮವೇ ಬೇರೆ. ಫೋಲಿಕ್ ಆಸಿಡ್ ಔಷಧದ ಕೆಲಸಕ್ಕೇ ಅಡ್ಡಬರುತ್ತದೆ. ವಿಟಮಿನ್ ಸಿ ಮೂತ್ರವನ್ನು ಆಮ್ಲೀಯಗೊಳಿಸಿದರೆ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಇವೆರಡೂ ಮಲ್ಟಿವಿಟಮಿನ್ ಮಾತ್ರೆ, ಪ್ರೊಟೀನ್ ಪುಡಿಗಳಲ್ಲಿ ಅಡಗಿರುತ್ತವೆ. ದಾಖಲಾಗುವಾಗಲೇ ಮನೆಯಿಂದ ತಂದ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ಲೇಬಲ್ ಓದಿ.